ಸಾಲಿನ ಕೊನೆಯ ಕುಣಿಕೆ

“ಗುರುಗಳೇ, ಪೂರ್ತಿ ಕಲಿತವನಿಗೂ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕೆ?” ಎಂದು ಗುರುಸಿದ್ಧ ಕೇಳಿದ.

ಅವನು ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಸಂಜೆ ಭಕ್ತರಿಗೆ ಪುರಾಣ ಹೇಳುವ ಕೆಲಸ ಎರಡು ವರ್ಷದಿಂದ ಅವನದು. ಅವನು ಹೇಳುವಾಗ ಆಶ್ರಮದಲ್ಲೇ ಇದ್ದ ಮುದುಕ ಈರಯ್ಯ ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದರು. ಹೂಂಗುಟ್ಟುವವರು ಹೂಂಗುಟ್ಟಿ ಸುಮ್ಮನಿರಬೇಕು ತಾನೆ? ಈರಯ್ಯ ನಡುನಡುವೆ ಕೆಮ್ಮುತ್ತಿದ್ದರು, ಒಂದೊಂದು ಮಾತನ್ನೂ ಸೇರಿಸುತ್ತಿದ್ದರು. ನಿನ್ನೆ ಜನ ಎದ್ದುಹೋದ ಮೇಲೆ ಗುರುಸಿದ್ಧ ಅವರಿಗೆ ಹೇಳಿಬಿಟ್ಟಿದ್ದ, ನಾಳೆಯಿಂದ ನೀವು ಬರುವುದು ಬೇಡ, ನನಗೆ ಅಡ್ಡಿಯಾಗುತ್ತದೆ ಎಂದು. ತಾನು ಮಾಡಿದ್ದು ಸರಿ ಎಂಬ ಮಾತನ್ನು ಈಗ ಗುರುಗಳ ಬಾಯಿಂದ ಕೇಳಬೇಕಾಗಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗಳು. ತಾಯಿ ಕ್ರೋಶಾ ಹೆಣಿಗೆಯಲ್ಲಿ ಎತ್ತಿದ ಕೈ. ತುದಿ ಬಾಗಿದ ಒಂದು ಕಡ್ಡಿ, ಒಂದು ಉಂಡೆ ಉಣ್ಣೆ ನೂಲು ಕೊಟ್ಟು ಕೂರಿಸಿದರೆ ಸಾಕು, ಮಾತಾಡುತ್ತ ಆಡುತ್ತಲೇ ಹೊದಿಕೆ ಮುಗಿಸಿಬಿಡುತ್ತಿದ್ದಳು. ಅವಳ ಕುಣಿಕೆಗಳು ಅಳೆದು ಇಟ್ಟಂತೆ ಒಂದೇ ಸಮ. ಆ ಕೇರಿಯ ಯಾವ ತೊಟ್ಟಿಲು ನೋಡಿದರೂ ಅದರಲ್ಲಿ ಅವಳ ಕೈಯ ಹೊದಿಕೆ ಇರುತ್ತಿತ್ತು. ವಯಸ್ಸಾದ ಮೇಲೆ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಸುಕಾಯಿತು. ಬೆರಳಿಗೆ ಮಾತ್ರ ಏನೂ ಮಸುಕಾಗಲಿಲ್ಲ.

ಮಗಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ತನ್ನ ಕೈಯಲ್ಲಿ ಯಾವುದೂ ಉಳಿಯುವುದಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ಮೂರನೆಯ ಸಲ ಏಳು ತಿಂಗಳು ತುಂಬಿ ತವರಿಗೆ ಬಂದಳು. ಬಂದವಳು, “ಅಮ್ಮ, ಈ ಮಗುವಿನ ಹೊದಿಕೆಯನ್ನ ನಾನೇ ಹೆಣೀತೀನಿ. ನನಗೆ ಕಲಿಸು” ಎಂದಳು. ತಾಯಿಗೆ ಸಂತೋಷವಾಯಿತು. ಬಿಳಿ, ಹಳದಿ, ಕೆಂಪು ಪಟ್ಟೆ ಬರುವಂತೆ ಮೂರು ಬಣ್ಣದ ನೂಲು ತರಿಸಿ ಕಲಿಸಲು ಕೂತಳು.

ಪಟ್ಟೆಯ ಹೆಣಿಗೆ ಕಷ್ಟದ್ದಲ್ಲ. ಒಂದು ಬಣ್ಣದಲ್ಲಿ ಹೋಗುವ ಸಾಲು, ಬರುವ ಸಾಲು. ಆಮೇಲೆ ಬಣ್ಣ ಬದಲು. ಸಾಲಿಗೆ ಎಪ್ಪತ್ತು ಕುಣಿಕೆ. ಆದರೆ ಹೊಸದಾಗಿ ಕಲಿಯುವವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಸಾಲಿನ ಕೊನೆಯ ಕುಣಿಕೆ ಅಂಚಿಗೆ ಒತ್ತಿಕೊಂಡು ಕೂತಿರುತ್ತದೆ, ಅದನ್ನು ಬಿಟ್ಟು ತಿರುಗಿಬಿಡುತ್ತಾರೆ. ಮುಂದಿನ ಬಣ್ಣ ಕೈಗೆತ್ತಿಕೊಳ್ಳುವ ಆತುರ ಬೇರೆ. ಒಂದು ಸಾಲಿನಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಸಾಲುಸಾಲಿಗೂ ಒಂದೊಂದು ಹೋಗುತ್ತ ಬಂದರೆ ಹೊದಿಕೆ ಮೇಲೆ ಮೇಲೆ ಸಣ್ಣಗಾಗುತ್ತದೆ.

ಮಗಳದ್ದೂ ಹಾಗೆಯೇ ಆಯಿತು. ಪಕ್ಕದ ಮನೆಯವಳು ಬಂದು ನೋಡಿ, “ಇದೇನೇ, ಮಗುವಿಗೆ ಹೊದಿಕೆಯೋ ಗಾಳಿಪಟವೋ?” ಎಂದು ನಕ್ಕಳು. ತಮಾಷೆಗೆ ಅಂದ ಮಾತು. ಮಗಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಪಕ್ಕದ ಮನೆಯವಳು ಅತ್ತ ಹೋದ ಕೂಡಲೇ ಅಷ್ಟನ್ನೂ ಬಿಚ್ಚಿ ಹಾಕಿ ಅತ್ತಳು.

“ಒಂದು ಕುಣಿಕೆ ಹಿಡಿದಿಟ್ಟುಕೊಳ್ಳಕ್ಕೆ ಬರಲ್ಲ ನನಗೆ. ನಾಳೆ ಮಗುವನ್ನ ಹೇಗಮ್ಮ ಹಿಡ್ಕೊಳ್ಳಲಿ?”

ತಾಯಿ ಅವಳ ತಲೆ ಸವರಿದಳು. “ಬರುತ್ತೆ ಕಣೇ. ನಾಳೆಯಿಂದ ಮತ್ತೆ ಹಾಕು” ಎಂದಳು, ಅಷ್ಟೆ.

ಮರುದಿನ ಮಗಳು ಹೊಸದಾಗಿ ಶುರುಮಾಡಿದಳು. ಬೆಳಿಗ್ಗೆ ಕೂತರೆ ಊಟದ ಹೊತ್ತಿಗೆ ಒಂದು ಪಟ್ಟೆ. ಊಟವಾದ ಮೇಲೆ ಬಸುರಿಗೆ ನಿದ್ದೆ ತಡೆಯುತ್ತಿರಲಿಲ್ಲ. ಎದ್ದು ಬಂದು ನೋಡಿದರೆ ಅಂಚು ನೆಟ್ಟಗಿರುತ್ತಿತ್ತು. ನಾಲ್ಕು ದಿನ ನೋಡಿದಳು, ಎಂಟು ದಿನ ನೋಡಿದಳು. ಅಂಚು ಗೆರೆ ಎಳೆದ ಹಾಗೆ ಬರುತ್ತಿತ್ತು. ಕುಣಿಕೆಗಳೇನೋ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಇರಲಿ, ಅಗಲ ಅಗಲವಾಗಿಯೇ ಇತ್ತಲ್ಲ. ಮಗಳು ಹಿಗ್ಗಿ ಹೀರೇಕಾಯಿಯಾದಳು. ಎಣಿಸುವುದನ್ನೂ ಬಿಟ್ಟಳು. “ನನ್ನ ಕೈ ಕೂತಿತು ಅಮ್ಮ” ಎಂದಳು. ತಾಯಿ, “ಹೂಂ ಮತ್ತೆ, ಯಾರ ಮಗಳು ನೀನು?” ಎಂದಳು. ಆ ದಿನಗಳಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೆದರದೆ ಮಲಗುತ್ತಿದ್ದಳು.

ಹೀಗಿರುವಾಗ ಕೆಂಪು ಉಂಡೆ ಮುಗಿಯಿತು. ಅಂಗಡಿಯಲ್ಲಿ ಅದೇ ಕೆಂಪು ಸಿಗಲಿಲ್ಲ. ಸ್ವಲ್ಪ ಗಾಢವಾದದ್ದೇ ಸಿಕ್ಕಿತು, ಅದನ್ನೇ ತಂದಳು. ಆ ಬೆಳಿಗ್ಗೆ ಗಾಢ ಕೆಂಪಿನ ಪಟ್ಟೆ ಮುಗಿಸಿ ಮಲಗಿದಳು. ಅವತ್ತು ಯಾಕೋ ಬೇಗ ಎಚ್ಚರವಾಯಿತು. ಎದ್ದು ಬಂದರೆ ಹೊದಿಕೆ ತಾಯಿಯ ತೊಡೆಯ ಮೇಲಿದೆ. ಬೆಳಿಗ್ಗೆ ಹಾಕಿದ ಎರಡು ಸಾಲೂ ಬಿಚ್ಚಿಹೋಗಿ ಕೆಂಪು ನೂಲು ನೆಲದ ಮೇಲೆ ಬಿದ್ದಿದೆ.

“ಏನಮ್ಮ ಇದು? ಕಣ್ಣು ಕಾಣದೆ ಇದ್ದ ಮೇಲೆ ಯಾಕೆ ಮುಟ್ಟಕ್ಕೆ ಹೋಗ್ತೀಯ? ನೆಟ್ಟಗಿದ್ದದ್ದನ್ನ ಕೆಡಿಸಿಟ್ಟೆಯಲ್ಲ!”

ತಾಯಿ ಏನೋ ಹೇಳಲು ಬಾಯಿ ತೆರೆದಳು. ಮಗಳ ದನಿ ಕೇಳಿ ತಡೆದುಕೊಂಡಳು. “ಗೊತ್ತಾಗಲಿಲ್ಲ ಕಣೇ. ತಪ್ಪಾಯಿತು” ಎಂದಳು.

ಮಗಳು ಆ ಪಟ್ಟೆಯನ್ನು ಸಂಜೆ ತಾನೇ ಕೂತು ಮತ್ತೆ ಹಾಕಿದಳು. ಅಂದಿನಿಂದ ಹೊದಿಕೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಮಲಗಿದಳು. ತಾಯಿ ಮಧ್ಯಾಹ್ನದ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು. ಅವಳ ಬೆರಳುಗಳು ಸೆರಗಿನ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದವು. ಮಗಳು ಅದನ್ನು ಕಂಡಳು. ಮುನಿಸು ಇನ್ನೂ ಇಳಿದಿರಲಿಲ್ಲ, ಮಾತಾಡಿಸಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹೋಗಿ ಎರಡು ಸಲ ಕರೆದಳು. ತಾಯಿ ಏಳಲಿಲ್ಲ.

ಬಸುರಿ ನೋಡಬಾರದು ಎಂದು ಹಿರಿಯರು ಅವಳನ್ನು ಒಳಕೋಣೆಯಲ್ಲಿ ಕೂರಿಸಿದರು. ಹೊರಗೆ ಎತ್ತುವ ಸದ್ದಷ್ಟೇ ಅವಳಿಗೆ ಕೇಳಿಸಿತು.

ಕರ್ಮಗಳೆಲ್ಲ ಮುಗಿದ ಮೇಲೆ ಮಗಳು ಹೊದಿಕೆ ಎತ್ತಿಕೊಂಡಳು. ತಾಯಿ ಕಲಿಸಿದ್ದು, ನಿಲ್ಲಿಸಬಾರದು ಎಂದುಕೊಂಡಳು. ಇನ್ನೂ ಆರು ಪಟ್ಟೆ ಹಾಕಿದಳು. ಒಂದು ದಿನ ಪಕ್ಕದ ಮನೆಯವಳು ನೋಡಲು ಬಂದಾಗ ಅದನ್ನು ಮಂಚದ ಮೇಲೆ ಹರಡಿ ತೋರಿಸಿದಳು. ಅರ್ಧದವರೆಗೆ ನೆಟ್ಟಗಿದ್ದ ಹೊದಿಕೆ ಅಲ್ಲಿಂದ ಮೇಲೆ ಸಣ್ಣಗಾಗುತ್ತ ಹೋಗಿತ್ತು. ಪಕ್ಕದ ಮನೆಯವಳು ಈ ಸಲ ನಗಲಿಲ್ಲ.

ಅಳುತ್ತ ಹಾಕಿದೆನಲ್ಲ, ಕಣ್ಣೀರಿನಲ್ಲಿ ಕೊನೆಯ ಕುಣಿಕೆ ಕಂಡಿರಲಿಕ್ಕಿಲ್ಲ ಎಂದುಕೊಂಡಳು ಮಗಳು. ಮೇಲಿನಿಂದ ಒಂದೊಂದೇ ಪಟ್ಟೆಯ ಮೇಲೆ ಬೆರಳಿಡುತ್ತ ಕೆಳಗೆ ಬಂದಳು. ಇದು ಅಮ್ಮ ಹೋದ ಮೇಲಿನದು, ಇದೂ ಹೋದ ಮೇಲಿನದು. ಇದು ಅಮ್ಮ ಇದ್ದಾಗಿನದು, ಆದರೂ ಎರಡು ಕುಣಿಕೆ ಕಡಿಮೆ. ಅದರ ಕೆಳಗಿನದೂ ಕಡಿಮೆ. ಬೆರಳು ಮೊದಲ ಗಾಢ ಕೆಂಪಿನ ಪಟ್ಟೆಗೆ ಬಂತು. ಸಣ್ಣಗಾಗುವುದು ಅಲ್ಲಿಂದ ಶುರುವಾಗಿತ್ತು. ಅದರ ಕೆಳಗೆ ಒಂದು ಸಾಲಿನಲ್ಲೂ ಒಂದು ಕುಣಿಕೆಯೂ ತಪ್ಪಿರಲಿಲ್ಲ.

ಅವತ್ತು ನೆಲದ ಮೇಲೆ ಬಿದ್ದಿದ್ದ ನೂಲಿನ ಅರ್ಥ ಅವಳಿಗೆ ಆಗ ಗೊತ್ತಾಯಿತು. ದಿನವೂ ಮಧ್ಯಾಹ್ನ ತಾಯಿ ಮಗಳ ಎರಡು ಸಾಲನ್ನು ಬಿಚ್ಚಿ, ಬೆರಳಿನಲ್ಲೇ ಎಣಿಸಿ, ಎಪ್ಪತ್ತಕ್ಕೆ ಎಪ್ಪತ್ತು ತುಂಬಿಸಿ ಹೆಣೆದಿಟ್ಟಿದ್ದಳು. ಮಗಳು ಬಗ್ಗಿ ಆ ಕೆಳಗಿನ ಪಟ್ಟೆಗಳನ್ನು ನೋಡಿದಳು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಜನ್ಮದಲ್ಲಿ ಒಂದು ಕುಣಿಕೆ ಹೆಚ್ಚುಕಡಿಮೆ ಮಾಡದ ಕೈ, ಮಗಳಿಗೆ ಗೊತ್ತಾಗಬಾರದೆಂದು ಮಗಳ ಹಾಗೆಯೇ ಒರಟಾಗಿ ಹೆಣೆದಿತ್ತು. ತಾನು ಕಲಿತೆನೆಂದುಕೊಂಡಿದ್ದಳು. ಕಲಿತವಳು ತಾಯಿ. ಕಣ್ಣಿಲ್ಲದೆ ಕೂತು, ಮಗಳ ಕೈಯನ್ನು ಕಲಿತಿದ್ದಳು.

ಅವಳು ಆ ಹೊದಿಕೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ತಪ್ಪಾಯಿತು ಎಂದು ಅವಳು ಹೇಳಬೇಕಾಗಿತ್ತು. ಹೇಳಿದ್ದವಳು ತಾಯಿ.

“ಮೇಲಿನದನ್ನಷ್ಟು ಬಿಚ್ಚಿ ಸರಿಮಾಡಿಕೊಳ್ಳೇ” ಎಂದಳು ಪಕ್ಕದ ಮನೆಯವಳು. ಬಿಚ್ಚುವುದೇನು ದೊಡ್ಡದಲ್ಲ. ಬಿಚ್ಚಿ ಮತ್ತೆ ಹಾಕಿದರೂ ಹಾಗೆಯೇ ಆಗುತ್ತಿತ್ತು. ಕೊನೆಯ ಕುಣಿಕೆ ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸುವವರು ಮನೆಯಲ್ಲಿ ಉಳಿದಿರಲಿಲ್ಲ.

ಮಗು ಹುಟ್ಟಿತು. ಈ ಸಲ ಉಳಿಯಿತು, ಹೆಣ್ಣು ಮಗು. ತೊಟ್ಟಿಲಿಗೆ ಹಾಕಿ ಅದೇ ಹೊದಿಕೆ ಹೊದಿಸಿದಳು. ಅಗಲವಾದ ಭಾಗ ಎದೆಯ ಮೇಲೆ ಬೆಚ್ಚಗೆ ಬಂತು. ಸಣ್ಣಗಾದ ಕಡೆ ಒಂದು ಪಾದ ಮುಚ್ಚಿದರೆ ಇನ್ನೊಂದು ಹೊರಗೆ ಉಳಿಯುತ್ತಿತ್ತು. ಅವಳು ತೊಟ್ಟಿಲ ಪಕ್ಕ ಕೂತು ಆ ಪಾದವನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಈರಯ್ಯ ಹೂಂಗುಟ್ಟುತ್ತ ನಡುವೆ ಸೇರಿಸುತ್ತಿದ್ದ ಮಾತುಗಳು ಗುರುಸಿದ್ಧನಿಗೆ ಒಂದೊಂದಾಗಿ ನೆನಪಾದವು. ತಾನು ತಡವರಿಸಿದ ಕಡೆಯಲ್ಲೇ ಆ ಕೆಮ್ಮು ಬರುತ್ತಿತ್ತು. ಕೆಮ್ಮಿನ ಹಿಂದೆಯೇ, ಮೆಲ್ಲನೆ, ಮುಂದಿನ ಪದ ಬರುತ್ತಿತ್ತು. ಕೇಳುವ ಜನರಿಗೆ ಅದು ಗೊತ್ತಾಗುತ್ತಿರಲಿಲ್ಲ. ತನಗೇ ಗೊತ್ತಾಗಿರಲಿಲ್ಲ.

ಅವನು ದಡಬಡಿಸಿ ಎದ್ದ. “ಈರಯ್ಯನವರ ಕಾಲಿಗೆ ಬಿದ್ದು ಬರುತ್ತೇನೆ, ಗುರುಗಳೇ. ಇವತ್ತು ಸಂಜೆಯೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.”

“ಅವರು ಬೆಳಗಿನ ಬಸ್ಸಿಗೇ ಆಶ್ರಮ ಬಿಟ್ಟು ಹೊರಟುಹೋದರು ಮಗು, ಇವತ್ತು ಸಂಜೆ ನೀನೊಬ್ಬನೇ ಕೂರು” ಎಂದರು ಗುರುಗಳು.