ಹೋಗ್ತೀನಿ ಅನ್ನಿ ಸಾರ್

ನಾನು ಶಾಲೆಯ ಜವಾನನಾಗಿದ್ದಾಗ ಕಬ್ಬಿಣದ ಗೇಟನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದವನು. ನೋಡಿದವರು ಯಾರೂ ಈಗ ಉಳಿದಿಲ್ಲ.

ಮಕ್ಕಳ ಉತ್ತರ ತಿದ್ದಲು ಎಐ ಯಂತ್ರ ಬಂತು. ‘ನೆಂಟರು ಬರ್ತೀವಿ ಎಂದು ಹೊರಟರು’ ಅಂತ ಸಿಂಚನ ಬರೆದರೆ ತಪ್ಪು ಹಾಕಿತು. ಹೊರಟವರು ಬರ್ತೀವಿ ಅನ್ನಬಾರದಂತೆ! ಒಂದು ಮಾರ್ಕಿನಿಂದ ಹುಡುಗಿ ಫೇಲು. ನನಗೆ ಮೈಯೆಲ್ಲ ಉರಿಯಿತು.

“ನೀವೇ ಒಂದ್ಸಲ ಓದಿ ಸಾರ್.”

“ಯಂತ್ರಕ್ಕಿಂತ ನೀನು ಬುದ್ಧಿವಂತನೇನೋ?” ಅಂದರು ಹೆಡ್‌ಮಾಸ್ಟರು.

ಸಂಜೆ “ಬರ್ತೀನಯ್ಯಾ” ಅಂತ ಬಸ್ಸಿಗೆ ಹೊರಟರು. ನಾನು ಗೇಟು ಹಾಕಿದೆ.

“ಬರ್ತೀನಿ ಅಂದ್ರಲ್ಲ, ಒಳಗೇ ಬನ್ನಿ. ಹೊರಡೋದಾದ್ರೆ ‘ಹೋಗ್ತೀನಿ’ ಅನ್ನಿ.”

“ಥೂ! ಮುಸ್ಸಂಜೆಯಲ್ಲಿ ಅಂಥ ಮಾತು ಆಡಿಸ್ತೀಯೇನೋ!”

“ಸಿಂಚನಳ ನೆಂಟರೂ ಆಡಲ್ಲ ಸಾರ್.”

ಬಸ್ಸು ಹಾರ್ನ್ ಹೊಡೆಯಿತು. ಹಲ್ಲು ಕಡಿಯುತ್ತಾ ಪೇಪರು ತರಿಸಿ, ಓದಿ, ತಮ್ಮ ಕೈಯಿಂದಲೇ ಮಾರ್ಕು ಹಾಕಿದರು.

“ಆ ಶಾಲೆಗೆ ಗೇಟೇ ಇರಲಿಲ್ವಲ್ರೀ!” ಅಂದಳು ಇಷ್ಟೂ ಕೇಳುತ್ತಾ ಕೂತಿದ್ದ ನನ್ನಾಕೆ.

ನಾನು ಭುಜ ಕುಣಿಸಿದೆ. “ಇದ್ದಿದ್ರೆ ಅವರು ಇನ್ನೂ ಒಳಗೇ ಇರ್ತಿದ್ರು, ಬಿಡೇ.”