ಅಂಬುಜಾಕ್ಷಿಯ ಮನೆಯ ಎರಡು ಕೇಕ್

“ಗುರುಗಳೇ, ನಾನು ಕೈಹಿಡಿದು ಕಲಿಸಿದವರೇ ನನ್ನನ್ನು ಮೀರಿ ಹೋದರೆ, ಆಮೇಲೆ ನಾನು ಯಾರು?” ಎಂದು ಶಿಷ್ಯ ಕೇಳಿದ.

ಗುರು ಪಿಟೀಲಿನ ತಂತಿ ಬಿಗಿಮಾಡುತ್ತಿದ್ದರು. ಶಿಷ್ಯ ಅವರಲ್ಲಿ ಬಹಳ ವರ್ಷ ಕಲಿತವನು. ಈಗೀಗ ಹೊಸಬರಿಗೆ ಮೊದಲ ಪಾಠಗಳನ್ನು ಅವನೇ ಹೇಳಿಕೊಡುತ್ತಿದ್ದ. ಹಿಂದಿನ ಸಂಜೆ, ಅವನಲ್ಲಿ ಕಲಿತ ಹುಡುಗಿಯೊಬ್ಬಳು ಸಭೆಯಲ್ಲಿ ನುಡಿಸಿದ್ದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅವನಿಗೆ ಆ ಸಭೆ ಒಂದು ಸಲವೂ ಎದ್ದು ನಿಂತಿರಲಿಲ್ಲ. ಮನೆಗೆ ಬಂದವನು ಊಟ ಬೇಡವೆಂದು ಮಲಗಿದ್ದ.

ಗುರು ಪಿಟೀಲನ್ನು ಪಕ್ಕಕ್ಕಿಟ್ಟರು. “ಕುಳಿತುಕೋ. ಕೇಕ್ ಮಾಡುತ್ತಿದ್ದ ಒಬ್ಬ ಗೃಹಿಣಿಯ ಕತೆ ಹೇಳುತ್ತೇನೆ” ಎಂದರು.

ಅದು ಬಟ್ಟೆ ಗಿರಣಿ ಇದ್ದ ಒಂದು ಊರು. ಗಿರಣಿಯ ಕೆಲಸಗಾರರ ಮನೆಗಳು ಸಾಲಾಗಿದ್ದ ಒಂದು ಬೀದಿ. ಅಲ್ಲಿ ಅಂಬುಜಾಕ್ಷಿ ಎಂಬ ಗೃಹಿಣಿ ಇದ್ದಳು. ಗಂಡ ಗಿರಣಿಯಲ್ಲಿ ಮೇಸ್ತ್ರಿ. ಒಬ್ಬನೇ ಮಗ.

ಅಂಬುಜಾಕ್ಷಿ ಮನೆಯಲ್ಲೇ ಚಾಕೊಲೇಟ್ ಕೇಕ್ ಮಾಡುತ್ತಿದ್ದಳು. ಒಂದರ ಮೇಲೊಂದು ಮೂರು ಪದರ. ಪದರಗಳ ನಡುವೆ ಬೆಣ್ಣೆ, ಸಕ್ಕರೆ, ಕೋಕೋ ಸೇರಿಸಿ ಕಡೆದ ಕ್ರೀಮು. ಮೇಲೂ ಸುತ್ತಲೂ ಅದೇ ಕ್ರೀಮಿನ ಹೊದಿಕೆ. ಬೀದಿಯ ಯಾವ ಮಗುವಿನ ಹುಟ್ಟುಹಬ್ಬವಾದರೂ ಕೇಕ್ ಅವಳ ಮನೆಯಿಂದಲೇ ಹೋಗಬೇಕು. ಪೇಟೆಯಿಂದ ತಂದ ಕೇಕನ್ನು ಆ ಬೀದಿಯ ಮಕ್ಕಳು ಕೇಕ್ ಎಂದು ಒಪ್ಪುತ್ತಿರಲಿಲ್ಲ.

ಅದು ಅವಳಿಗೆ ಸುಮ್ಮನೆ ಬಂದ ವಿದ್ಯೆಯಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ನರ್ಸಮ್ಮ ಒಂದು ಸಲ ಮಾಡಿ ತೋರಿಸಿದ್ದಳು. ಮರುತಿಂಗಳು ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಉಳಿದದ್ದನ್ನು ಅಂಬುಜಾಕ್ಷಿ ತಾನೇ ಕಂಡುಕೊಂಡಳು. ಆಗ ಮನೆಯಲ್ಲಿ ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಗೆ ಮರಳು ಹಾಸಿ, ಹಿಟ್ಟು ತುಂಬಿದ ಡಬ್ಬಿಯನ್ನು ಅದರೊಳಗಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸಿದಳು. ಒಮ್ಮೆ ತಳ ಸೀದಿತು. ಇನ್ನೊಮ್ಮೆ ನಡು ಹಸಿಯಾಗಿಯೇ ಉಳಿಯಿತು. ಕೋಕೋ ಪುಡಿಗೆ ಬಿಸಿ ಕಾಫಿ ಡಿಕಾಕ್ಷನ್ ಹೊಯ್ದರೆ ಬಣ್ಣ ಏಳುತ್ತದೆ, ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿದರೆ ಕೇಕ್ ಹಗುರಾಗುತ್ತದೆ ಎಂಬುದನ್ನೆಲ್ಲ ಕೆಡಿಸಿ ಕೆಡಿಸಿ ಕಲಿತಳು. ಗಂಡ ಓವನ್ ತಂದುಕೊಡುವ ಹೊತ್ತಿಗೆ ಅವಳಿಗೆ ಓವನ್ ಇಲ್ಲದೆಯೂ ಎಲ್ಲ ಬರುತ್ತಿತ್ತು.

ಆದ್ದರಿಂದ ಅವಳಿಗೆ ಹೆಮ್ಮೆ ಇತ್ತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಕೇಕ್ ಇಟ್ಟ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಯ ನಟ್ಟನಡುವೆ ನಡೆದು ಹೋಗುತ್ತಿದ್ದಳು. ಕಂಡವರು ದಾರಿ ಬಿಡುತ್ತಿದ್ದರು. ಕೇಕ್ ಮಾಡುವಾಗ ಮಾತ್ರ ಅಡುಗೆಮನೆಗೆ ಯಾರನ್ನೂ ಸೇರಿಸುತ್ತಿರಲಿಲ್ಲ.

ಒಬ್ಬರ ಬಾಯಿಂದ ಮಾತ್ರ ಅವಳಿಗೆ ಹೊಗಳಿಕೆ ಬಂದಿರಲಿಲ್ಲ. ಅದು ಅವಳ ಸ್ವಂತ ಅಕ್ಕ. ತವರಿನಲ್ಲಿ ಅಡುಗೆ ಎಂದರೆ ಅಕ್ಕನದೇ ಎಂದು ಹೆಸರಾಗಿತ್ತು. ಅಂಬುಜಾಕ್ಷಿ ಏನೇ ಮಾಡಿಟ್ಟರೂ ಅಕ್ಕ ಚೂರು ಬಾಯಿಗಿಟ್ಟು “ಪರವಾಗಿಲ್ಲ” ಎನ್ನುತ್ತಿದ್ದಳು. ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು, ತಲೆ ನರೆಯಿತು. ಅಕ್ಕ ಬಂದಾಗಲೆಲ್ಲ ಅಂಬುಜಾಕ್ಷಿ ಕೇಕ್ ಮಾಡಿಟ್ಟಳು. ಅಕ್ಕ ತಿಂದು “ಪರವಾಗಿಲ್ಲ” ಎಂದಳು. ಇಡೀ ಬೀದಿಯ ಹೊಗಳಿಕೆ ಒಂದು ಕಡೆ, ಬಾರದ ಆ ಒಂದು ಮಾತು ಇನ್ನೊಂದು ಕಡೆ.

ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಹೆಸರು ಶಶಿರೇಖಾ. ಹಳ್ಳಿಯವಳು. ರೊಟ್ಟಿ ತಟ್ಟುವುದರಲ್ಲಿ ಎತ್ತಿದ ಕೈ. ಓವನ್ನನ್ನು ಅವಳು ಈ ಮನೆಯಲ್ಲೇ ಮೊದಲು ಕಂಡದ್ದು. ಅತ್ತೆ ಕೇಕ್ ಮಾಡುವಾಗ ಅವಳೂ ಎಲ್ಲರಂತೆ ಹೊರಗೇ ಇರುತ್ತಿದ್ದಳು.

ಒಂದು ದಿನ ಅಂಬುಜಾಕ್ಷಿ ಬಚ್ಚಲಿನಲ್ಲಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಡಾಕ್ಟರು ಕೈಗೆ ಪ್ಲಾಸ್ಟರ್ ಕಟ್ಟಿ ಕಳಿಸಿದರು. ಎದುರುಮನೆಯ ಮಗುವಿಗೆ ಕೇಕ್ ಮಾಡಿಕೊಡುವುದಾಗಿ ಅವಳು ಆಗಲೇ ಒಪ್ಪಿಕೊಂಡಿದ್ದಳು. ಎದುರುಮನೆಯವರು ಬಂದು, ಈ ಸಲ ಪೇಟೆಯಿಂದ ತರುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಅಂಬುಜಾಕ್ಷಿಗೆ ಮುರಿದ ಕೈಗಿಂತ ಆ ಮಾತು ಹೆಚ್ಚು ನೋವು ಕೊಟ್ಟಿತು.

ಅವರು ಹೋದಮೇಲೆ ಅವಳು ಸೊಸೆಯನ್ನು ಅಡುಗೆಮನೆಗೆ ಕರೆದಳು. ತಾನು ಸ್ಟೂಲಿನ ಮೇಲೆ ಕುಳಿತಳು. ಬಾಯಿ ಅತ್ತೆಯದು, ಕೈ ಸೊಸೆಯದು. ಮೈದಾ ಎಷ್ಟು ಸಲ ಜರಡಿ ಹಿಡಿಯಬೇಕು, ಬೆಣ್ಣೆ ಸಕ್ಕರೆಯನ್ನು ಎಲ್ಲಿಯವರೆಗೆ ಕಡೆಯಬೇಕು, ಮೊಟ್ಟೆ ಯಾವಾಗ ಒಡೆದು ಹಾಕಬೇಕು ಎಂದು ಅವಳು ಹೇಳಿದಳು. ಸೊಸೆ ಮಾಡಿದಳು. ಎಲ್ಲವೂ ಸರಿಯಾಗಿತ್ತು. ಆದರೆ ಹುಡುಗಿಗೆ ಕಾಯಲು ಆಗಲಿಲ್ಲ. ಉಬ್ಬಿದೆಯೋ ಇಲ್ಲವೋ ಎಂದು ಓವನ್ ಬಾಗಿಲು ತೆಗೆದು ನೋಡಿದಳು. ಕೇಕಿನ ನಡು ಕುಸಿದು ಹೋಯಿತು. ಶಶಿರೇಖಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

“ಅಳಬೇಡ. ನಾನು ಇದಕ್ಕಿಂತ ಕೆಟ್ಟದಾಗಿ ಕೆಡಿಸಿದ್ದೇನೆ. ಅಂಗಡಿಗೆ ಹೋಗಿ ಮತ್ತೆ ಮೊಟ್ಟೆ ತಾ” ಎಂದಳು ಅಂಬುಜಾಕ್ಷಿ.

ಎರಡನೆಯ ಸಲ ಕೇಕ್ ಎದ್ದು ನಿಂತಿತು. ಎದುರುಮನೆಯ ಮಗು ಮೇಣದಬತ್ತಿ ಊದಿ ಆರಿಸಿತು. ಅಂಬುಜಾಕ್ಷಿಯ ಕೇಕ್ ಎಂದೇ ಎಲ್ಲರೂ ತಿಂದರು.

ಕೈ ವಾಸಿಯಾದಮೇಲೂ ಅಡುಗೆಮನೆಯ ಬಾಗಿಲು ಸೊಸೆಗೆ ಮುಚ್ಚಲಿಲ್ಲ. ತನಗೆ ಗೊತ್ತಿದ್ದ ಒಂದನ್ನೂ ಅಂಬುಜಾಕ್ಷಿ ಬಚ್ಚಿಡಲಿಲ್ಲ. ಕಡ್ಡಿ ಚುಚ್ಚಿ ನೋಡುವ ಮೊದಲೇ ವಾಸನೆಯಿಂದ ಬೆಂದದ್ದನ್ನು ಹೇಳುವುದು ಹೇಗೆ ಎಂಬುದನ್ನೂ ಕಲಿಸಿದಳು. ಹುಡುಗಿ ಬೇಗ ಕಲಿತಳು. ಕಲಿತದ್ದರ ಮೇಲೆ ತನ್ನದೂ ಒಂದಿಷ್ಟು ಸೇರಿಸತೊಡಗಿದಳು. ಅಂಬುಜಾಕ್ಷಿ ಅದನ್ನು ನೋಡಿದಳು. ತಡೆಯಲಿಲ್ಲ.

ಆಮೇಲೆ ಗಂಡನ ಅರವತ್ತು ತುಂಬಿದ ಹಬ್ಬ ಬಂತು. ಬೀದಿಯವರೂ ನೆಂಟರೂ ಸೇರುವವರಿದ್ದರು. ಒಂದು ಕೇಕ್ ಸಾಲದು. ಅತ್ತೆ ಒಂದು ಮಾಡಿದಳು, ಸೊಸೆ ಒಂದು ಮಾಡಿದಳು. ಅಳತೆ ಒಂದೇ, ಓವನ್ ಒಂದೇ. ಎರಡನ್ನೂ ನಡುಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಯಾವುದು ಯಾರದು ಎಂದು ಆ ಇಬ್ಬರನ್ನು ಬಿಟ್ಟು ಇನ್ನಾರಿಗೂ ತಿಳಿದಿರಲಿಲ್ಲ. ತಿಳಿಸಬೇಕು ಎಂದು ಯಾರಿಗೂ ತೋರಿರಲೂ ಇಲ್ಲ.

ಊಟವಾಯಿತು. ಕೇಕ್ ಹಂಚಿದರು. ಒಂದು ತಟ್ಟೆ ಬೇಗ ಬೇಗ ಖಾಲಿಯಾಗುತ್ತಾ ಬಂತು. ಇನ್ನೊಂದು ನಿಧಾನವಾಗಿ ಕರಗಿತು. ಬೇಗ ಖಾಲಿಯಾಗುತ್ತಿದ್ದದ್ದು ಶಶಿರೇಖಾಳದು.

ಅಕ್ಕನೂ ಬಂದಿದ್ದಳು. ಅವಳು ಆ ತಟ್ಟೆಯಿಂದ ಒಂದು ತುಂಡು ತಿಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅಂಬುಜಾ, ಇಷ್ಟು ವರ್ಷದಲ್ಲಿ ನಿನ್ನ ಕೈಯಿಂದ ಇಂಥದ್ದು ತಿಂದಿರಲಿಲ್ಲ ಕಣೇ. ಇವತ್ತು ನೀನು ನನ್ನನ್ನು ಗೆದ್ದೆ.”

ಅಂಬುಜಾಕ್ಷಿ ಮೇಜಿನ ಪಕ್ಕ ನಿಂತಿದ್ದಳು. ಹುಡುಗಿಯಾಗಿದ್ದಾಗಿನಿಂದ ಕಾದಿದ್ದ ಮಾತು ಕಡೆಗೂ ಬಂದಿತ್ತು. ಬಂದು, ಅವಳದಲ್ಲದ ಕೇಕಿನ ಮೇಲೆ ಕುಳಿತಿತ್ತು. ಅವಳು ಸೊಸೆಯ ಕಡೆ ನೋಡಿದಳು. ಬಾಗಿಲ ಬಳಿ ನಿಂತಿದ್ದ ಶಶಿರೇಖಾ ಸಣ್ಣಗೆ ತಲೆಯಾಡಿಸಿದಳು. ಹೇಳಬೇಡಿ, ಇರಲಿ, ನಿಮ್ಮದೇ ಆಗಲಿ ಎಂಬಂತೆ.

ನೀರು ತರುವ ನೆಪದಲ್ಲಿ ಅಂಬುಜಾಕ್ಷಿ ಎರಡು ಕೇಕಿನಿಂದಲೂ ಒಂದೊಂದು ಚೂರು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಬ್ಬಳೇ ನಿಂತು ಮೊದಲು ತನ್ನದನ್ನು ತಿಂದಳು. ಚೆನ್ನಾಗಿತ್ತು. ಎಂದಿನಂತೆಯೇ ಇತ್ತು. ಆಮೇಲೆ ಸೊಸೆಯದನ್ನು ತಿಂದಳು. ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಯಿತು. ಅಕ್ಕ ಸುಳ್ಳು ಹೇಳಿರಲಿಲ್ಲ. ಪದರಗಳು ಅಷ್ಟು ಮೃದುವಾಗಿದ್ದವು. ಕ್ರೀಮು ಯಾವುದು, ಕೇಕ್ ಯಾವುದು ಎಂದು ನಾಲಿಗೆಗೆ ತಿಳಿಯಲಿಲ್ಲ.

ಅವಳು ಎರಡನೆಯ ಚೂರನ್ನು ನಿಧಾನವಾಗಿ ಅಗಿದಳು. ಕಾಫಿಯ ಆ ಒಗರು ತನ್ನದು. ಮಜ್ಜಿಗೆಯ ಆ ಹದ ತನ್ನದು. ಬೆಣ್ಣೆಯನ್ನು ಬೆಳ್ಳಗಾಗುವವರೆಗೆ ಕಡೆದ ತಾಳ್ಮೆಯೂ ತಾನು ಬೈದು ಕಲಿಸಿದ್ದು. ತಾನು ಹತ್ತಿ ನಿಂತ ಮೆಟ್ಟಿಲಿನಿಂದ ಆ ಹುಡುಗಿ ಹೊರಟಿದ್ದಳು. ತಾನು ಮಾತ್ರ ಮರಳಿನ ಪಾತ್ರೆಯಿಂದ ಹೊರಟವಳು. ಇಷ್ಟು ಯೋಚಿಸುವಷ್ಟರಲ್ಲಿ ಬೆಂಕಿ ಆರಿತ್ತು. ಅದರ ಜಾಗದಲ್ಲಿ ಇನ್ನೊಂದು ಎದ್ದಿತ್ತು. ಅದು ಅವಳಿಗೆ ಚೆನ್ನಾಗಿ ಗುರುತಿದ್ದ ಹೆಮ್ಮೆಯೇ. ಆದರೆ ಇಷ್ಟು ದೊಡ್ಡದಾಗಿ ಅದು ಎಂದೂ ಎದ್ದಿರಲಿಲ್ಲ.

ಅಂಬುಜಾಕ್ಷಿ ಸೆರಗಿನಿಂದ ಬಾಯೊರೆಸಿಕೊಂಡು ನಡುಮನೆಗೆ ಬಂದಳು. ಸೊಸೆಯ ಕೈ ಹಿಡಿದು ಮೇಜಿನ ಬಳಿಗೆ ಎಳೆದುಕೊಂಡು ಬಂದಳು.

“ಅಕ್ಕಾ, ನೀನು ತಿಂದದ್ದು ನಾನು ಮಾಡಿದ್ದಲ್ಲ. ಇಲ್ಲಿ ಹೆಚ್ಚು ಉಳಿದಿದೆಯಲ್ಲ, ಅದು ನನ್ನದು. ಖಾಲಿಯಾಗುತ್ತಾ ಬಂದದ್ದು ನನ್ನ ಸೊಸೆಯದು. ನಿನ್ನನ್ನು ಗೆದ್ದವಳು ಇವಳು. ನನ್ನನ್ನೂ ಗೆದ್ದಳು. ಇವಳಿಗೆ ಕಲಿಸಿದವಳು ಯಾರು ಅಂತ ಕೇಳು, ಹೇಳುತ್ತೇನೆ.”

ಮನೆ ತುಂಬಾ ನಗು ಎದ್ದಿತು. ಶಶಿರೇಖಾ ತಲೆಯೆತ್ತಲಿಲ್ಲ. ಅಕ್ಕ ಇಬ್ಬರನ್ನೂ ನೋಡಿದಳು. ಆಮೇಲೆ ತನ್ನ ತಟ್ಟೆಯನ್ನು ಹುಡುಗಿಯ ಮುಂದೆ ಹಿಡಿದು, “ಇನ್ನೊಂದು ತುಂಡು ಹಾಕಮ್ಮಾ” ಎಂದಳು. ಅಂಬುಜಾಕ್ಷಿಯ ಕೇಕನ್ನು ಅವಳು ಕಡೆಯವರೆಗೂ “ಪರವಾಗಿಲ್ಲ” ಎಂದೇ ಹೇಳಿದಳು. ಆದರೆ ಅದು ಅಂಬುಜಾಕ್ಷಿಯನ್ನು ಮತ್ತೆ ನೋಯಿಸಲಿಲ್ಲ.

ಮರುದಿನ ಅಂಬುಜಾಕ್ಷಿ ಸೊಸೆಯನ್ನು ಕೇಳಿದಳು: “ಅಷ್ಟು ಮೆತ್ತಗೆ ಹೇಗೆ ಮಾಡಿದೆ? ತೋರಿಸು.” ಶಶಿರೇಖಾ ನಾಚುತ್ತಾ ಹೇಳಿದಳು. ತವರಿನಲ್ಲಿ ರೊಟ್ಟಿ ಗಟ್ಟಿಯಾಗದಿರಲೆಂದು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಅವಳು ಬೆಂದ ಪದರಗಳನ್ನೂ ಹಾಗೆಯೇ ಸುತ್ತಿಟ್ಟು, ಮಾರನೆಯ ದಿನ ಕ್ರೀಮು ಹಚ್ಚಿದ್ದಳು. ಅಷ್ಟೇ. ಅತ್ತೆ ಸ್ಟೂಲನ್ನು ಸೊಸೆಗೆ ಕೊಟ್ಟು ತಾನು ಓವನ್ನಿನ ಮುಂದೆ ನಿಂತಳು. ಒಂದೇ ಸಲಕ್ಕೆ ಅವಳಿಗೆ ಹದ ಸಿಗಲಿಲ್ಲ. ಮತ್ತೆ ಮಾಡಿದಳು.

ಆ ವರ್ಷದಿಂದ ಬೀದಿಯ ಜನ “ಶಶಿರೇಖಾಳ ಕೇಕ್” ಎನ್ನತೊಡಗಿದರು. ಹಾಗೆ ಹೇಳಲು ಅವರಿಗೆ ಕಲಿಸಿದವಳು ಅಂಬುಜಾಕ್ಷಿಯೇ. ಹಿಟ್ಟಿನ ಗಿರಣಿಯ ಮುಂದೆ, ಸಂತೆಯಲ್ಲಿ, ಬಸ್ಸಿಗೆ ಕಾಯುವಲ್ಲಿ, ಎಲ್ಲೆಲ್ಲಿ ಇಬ್ಬರು ನಿಂತಿದ್ದರೋ ಅಲ್ಲೆಲ್ಲ ಸೊಸೆಯ ಕೇಕಿನ ಮಾತು ತೆಗೆದಳು. “ನಿನ್ನ ಕೇಕಿನ ಬಗ್ಗೆ ನೀನು ಇಷ್ಟು ಕೊಚ್ಚಿಕೊಂಡದ್ದನ್ನು ನಾನು ಕಂಡಿಲ್ಲ” ಎಂದು ಗಂಡ ನಕ್ಕ. ಅವಳು ಮೊದಲಿನಂತೆಯೇ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಯ ನಡುವೆ ನಡೆದಳು. ತಟ್ಟೆಯಲ್ಲಿದ್ದದ್ದು ಸೊಸೆಯದು. ನಡಿಗೆ ಮಾತ್ರ ಇನ್ನಷ್ಟು ನೆಟ್ಟಗಾಗಿತ್ತು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ. “ಕೇಳಲು ಚೆನ್ನಾಗಿದೆ, ಗುರುಗಳೇ. ಆದರೆ ತನ್ನನ್ನು ಗೆದ್ದವರನ್ನು ತಾನೇ ಹೊತ್ತು ಮೆರೆಸುವವರು ಕತೆಯಲ್ಲಿ ಮಾತ್ರ ಸಿಗುತ್ತಾರೆ” ಎಂದ.

ಗುರು ಪಿಟೀಲನ್ನು ಮತ್ತೆ ಕೈಗೆತ್ತಿಕೊಂಡರು.

“ಹೋದ ದಸರೆಯಲ್ಲಿ ತೋಡಿ ರಾಗ ನುಡಿಸುವಾಗ ನೀನು ನನ್ನನ್ನು ದಾಟಿ ಹೋದೆ, ಆ ವಾರವೆಲ್ಲ ಊರಿನಲ್ಲಿ ಸಿಕ್ಕಿದವರಿಗೆಲ್ಲ ನಾನು ಅದನ್ನೇ ಹೇಳಿಕೊಂಡು ತಿರುಗಿದೆನಲ್ಲ, ನಿನಗೆ ಯಾರೂ ತಿಳಿಸಲಿಲ್ಲವೇ?”