ಕಾರ್ಬೈಡ್ ಡಬ್ಬಿಯ ಹಬ್ಬ

ಆಯುಧಪೂಜೆಯ ಬೆಳಿಗ್ಗೆ ಗ್ಯಾಸ್ ವೆಲ್ಡಿಂಗ್ ಶೆಡ್ಡಿನಲ್ಲಿ ನೀರಿನ ಬಿಂದಿಗೆಗೆ ಬಿಡುವೇ ಇರಲಿಲ್ಲ. ಸುತ್ತಿಗೆಗೆ ಸ್ನಾನ ಮಾಡಿಸಿತು, ಗರಗಸಕ್ಕೆ ಮಾಡಿಸಿತು, ತುಕ್ಕು ಹಿಡಿದ ಇಕ್ಕಳವನ್ನೂ ಬಿಡಲಿಲ್ಲ. ಹಬ್ಬದ ದಿನ ಯಾರ ಮುಖವೂ ಬಾಡಿರಬಾರದು ಎನ್ನುವ ಜೀವ ಅದು.

ಮೂಲೆಯಿಂದ ಕಾರ್ಬೈಡ್ ಡಬ್ಬಿ ಕರೆಯಿತು. "ಬಿಂದಿಗಮ್ಮ, ಇಲ್ಲಿನ ಬೆಂಕಿಗೆ ವರ್ಷವಿಡೀ ಗ್ಯಾಸ್ ಕೊಡುವವನು ನಾನು. ಇವತ್ತೂ ನನಗೊಂದು ತೊಟ್ಟು ನೀರಿಲ್ಲವೇ?"

ಬಿಂದಿಗೆಯ ಕರುಳು ಚುರುಕ್ಕೆಂದಿತು. "ಅಯ್ಯೋ, ನಿನ್ನನ್ನು ಮರೆತವರು ಯಾರಪ್ಪ? ಮುಚ್ಚಳವೇ, ಸ್ವಲ್ಪ ಸರಿ. ಇವನಿಗೆ ತಲೆ ತುಂಬ ಎರೆಯುತ್ತೇನೆ."

"ಯಾರೂ ಮರೆತಿಲ್ಲ ತಾಯಿ. ನಾನು ಸರಿಯುವುದಿಲ್ಲ," ಎಂದಿತು ಮುಚ್ಚಳ.

"ಹಬ್ಬದ ದಿನವೂ ಇಷ್ಟು ಬಿಗುಮಾನವೇ?" ಎಂದು ಬಿಂದಿಗೆ ಮುಂದಕ್ಕೆ ಬಾಗಿತು. ಬಾಗಿದ ಭರಕ್ಕೆ ಒಂದು ಹನಿ ಜಾರಿ, ನೆಲದ ಮೇಲಿದ್ದ ಕಡಲೆಯಷ್ಟು ಕಾರ್ಬೈಡ್ ಚೂರಿನ ಮೇಲೆ ಬಿತ್ತು. ಚೂರು ಬುಸ್ಸೆಂದು ನೊರೆಯುಕ್ಕಿತು. ಅದೇ ಹೊತ್ತಿಗೆ ಪಕ್ಕಕ್ಕೆ ಬಂದ ಆರತಿಯ ದೀಪ ಆ ನೊರೆಯಿಂದೆದ್ದ ಗ್ಯಾಸನ್ನು ಮುಟ್ಟಿದ್ದೇ ತಡ, ಭಗ್ಗನೆ ಬೆರಳುದ್ದದ ಜ್ವಾಲೆ ಎದ್ದು ಆರಿತು.

ಒಂದು ಹನಿಗೆ ಇಷ್ಟು! ತನ್ನ ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ನೆನೆದು ಬಿಂದಿಗೆ ಹಿಂದೆ ಸರಿದು ಬಾಗಿಲಾಚೆ ಹೋಗಿ ನಿಂತಿತು.

ಡಬ್ಬಿ ಮೆಲ್ಲಗೆ ಕೇಳಿತು: "ಹಾಗಾದರೆ ನನಗೆ ಪೂಜೆಯೇ ಇಲ್ಲವೇ?"

ಮುಚ್ಚಳ ಹೇಳಿತು: "ವರ್ಷವಿಡೀ ನಿನ್ನ ಮೇಲೆ ಅಲುಗಾಡದೆ ಕೂತಿದ್ದೇನಲ್ಲ, ಅದನ್ನು ಏನೆಂದುಕೊಂಡೆ?"